ಡಾಕ್ಟರ ಕೋಣೆಗೆ ಹೋಗುವ ಮುಂಚೆ: ಓದುಗರ ಪ್ರಶ್ನೆ, ಮಕ್ಕಳ ವಿಭಾಗದ ಉತ್ತರ

ಮಳೆ ಹಿಡಿದ ಮೇಲೆ ಕಾಸರಗೋಡಿನ ಕಡೆಯಿಂದ ಬಂದ ಪತ್ರಗಳನ್ನು ಒಟ್ಟಿಗಿಟ್ಟು ನೋಡಿದರೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ತಕರಾರು: ಒ.ಪಿ.ಯಲ್ಲಿ ಎರಡು ಗಂಟೆ ಕಾದು ಒಳಗೆ ಹೋದರೆ ಐದು ನಿಮಿಷದಲ್ಲಿ ಹೊರಗೆ, ಕೇಳಬೇಕಾದದ್ದು ಬಸ್ಸು ಹತ್ತಿದ ಮೇಲೆ ನೆನಪಾಗುತ್ತದೆ. ಆ ಐದು ನಿಮಿಷವನ್ನು ಉದ್ದ ಮಾಡಲು ನಮ್ಮಿಂದಾಗದು. ಅದರಲ್ಲಿ ಮೂರು ನಿಮಿಷ "ಯಾವ ಮದ್ದು ಕೊಟ್ಟದ್ದು?", "ಬಿಳಿ ಬಾಟಲಿ ಡಾಕ್ಟ್ರೇ" ಎಂಬ ಮಾತಿನಲ್ಲೇ ಮುಗಿಯದಂತೆ ಮಾಡಬಹುದು. ಈ ತಿಂಗಳ ಉತ್ತರಗಳೆಲ್ಲ ಅದಕ್ಕಾಗಿಯೇ.

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ, 12 ಕಿಲೋ. ಮೂರು ದಿನದಿಂದ ಜ್ವರ ಬಂದು ಬಿಟ್ಟು ಮಾಡುತ್ತಿತ್ತು. ಡಾಕ್ಟರು ಕೇಳಿದ ಒಂದು ಪ್ರಶ್ನೆಗೂ ನನಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಏನು ಬರೆದುಕೊಂಡು ಹೋಗಬೇಕು? ಜ್ವರ ಡಾಕ್ಟರಿಗೆ ಕಾಣಲಿ ಎಂದು ಬೆಳಗ್ಗಿನ ಮದ್ದು ಕೊಡದೆ ಕರೆದುಕೊಂಡು ಹೋದದ್ದು ಸರಿಯೇ? — ಬದಿಯಡ್ಕ

ಕೊನೆಯದಕ್ಕೆ ಮೊದಲು ಉತ್ತರ: ಸರಿಯಲ್ಲ. ನೀವು ಅಳೆದು ಬರೆದದ್ದನ್ನು ಡಾಕ್ಟರು ನಂಬುತ್ತಾರೆ. ಜ್ವರ ಏರಿ ಕಿರಿಕಿರಿಯಲ್ಲಿರುವ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಕೇಳುವುದು ಅಳು ಮಾತ್ರ. ಮದ್ದು ಕೊಟ್ಟು, ಕೊಟ್ಟ ಗಂಟೆ ಬರೆದು, ಕರೆದುಕೊಂಡು ಬನ್ನಿ.

ಬರೆಯುವುದಕ್ಕೆ ಕ್ಯಾಲೆಂಡರಿನ ಹಿಂಬದಿಯೂ ಸಾಕು. ನಾಲ್ಕು ಕಂಬ ಎಳೆಯಿರಿ: ಗಂಟೆ, ಜ್ವರ ಎಷ್ಟು, ಯಾವ ಮದ್ದು ಎಷ್ಟು ಎಂ.ಎಲ್., ಮೂತ್ರ. "ನಿನ್ನೆ ರಾತ್ರಿ ತುಂಬಾ ಇತ್ತು" ಎಂದರೆ ನಮಗೆ ಏನೂ ತಿಳಿಯುವುದಿಲ್ಲ. "ಮಂಗಳವಾರ ರಾತ್ರಿ 11ಕ್ಕೆ 102.6, ಕಂಕುಳಲ್ಲಿ, ಪ್ಯಾರಸಿಟಮಾಲ್ 3.5 ಎಂ.ಎಲ್.; 1 ಗಂಟೆಗೆ 100.2" ಎಂದಿದ್ದರೆ ಅರ್ಧ ಕೆಲಸ ಆಯಿತು. ಥರ್ಮಾಮೀಟರಿನ ತುದಿ ಕಂಕುಳ ಗುಳಿಯ ನಡುವಿನಲ್ಲಿ ಚರ್ಮಕ್ಕೆ ತಾಗಿರಲಿ, ಅಂಗಿಯ ಬಟ್ಟೆಗಲ್ಲ. ಮಗುವಿನ ಕೈಯನ್ನು ಎದೆಗೆ ಒತ್ತಿ ಹಿಡಿದು, ಬೀಪ್ ಬರುವವರೆಗೆ ಕಾಯಿರಿ. ಮೀಯಿಸಿದ ಕೂಡಲೇ, ಅಥವಾ ಕಂಬಳಿಯಿಂದ ಹೊರತೆಗೆದ ಕೂಡಲೇ ಅಳೆದರೆ ಲೆಕ್ಕ ತಪ್ಪುತ್ತದೆ. ಕಾಲು ಗಂಟೆ ಬಿಡಿ. ಕಂಕುಳಿನದ್ದಕ್ಕೆ ಒಂದು ಡಿಗ್ರಿ ಸೇರಿಸಿ ಹೇಳುವ ಅಭ್ಯಾಸ ಕೆಲವರಿಗಿದೆ. ಸೇರಿಸಬೇಡಿ, ಕಂಡದ್ದನ್ನೇ ಬರೆದು ಪಕ್ಕದಲ್ಲಿ "ಕಂಕುಳು" ಎನ್ನಿ.

ಇನ್ನು ಮದ್ದು. ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಪ್ಯಾರಸಿಟಮಾಲಿನ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಕಿಲೋಗೆ ಒಂದು ಸಲಕ್ಕೆ 15 ಮಿಲಿಗ್ರಾಂ. ನಿಮ್ಮ 12 ಕಿಲೋ ಮಗನಿಗೆ 180 ಮಿಲಿಗ್ರಾಂ. ಅಂಗಡಿಯಲ್ಲಿ ಇದೇ ಮದ್ದು ಮೂರು ಗಟ್ಟಿತನದಲ್ಲಿ ಸಿಗುತ್ತದೆ. 5 ಎಂ.ಎಲ್.ನಲ್ಲಿ 250 ಮಿಲಿಗ್ರಾಂ ಇರುವ ಸಿರಪ್ ಆದರೆ 3.6 ಎಂ.ಎಲ್. 5 ಎಂ.ಎಲ್.ನಲ್ಲಿ 125 ಇರುವುದಾದರೆ 7.2. ಎಳೆಯ ಮಕ್ಕಳ ಡ್ರಾಪ್ಸ್‌ನಲ್ಲಿ ಒಂದೇ ಎಂ.ಎಲ್.ಗೆ 100 ಮಿಲಿಗ್ರಾಂ ಇರುತ್ತದೆ, ಅದು 1.8 ಎಂ.ಎಲ್. ಸಾಕು. ಡ್ರಾಪ್ಸ್ ಎಂದರೆ ನೀರಾಗಿರುವ ಸೌಮ್ಯ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಸ್ತವದಲ್ಲಿ ಮೂರರಲ್ಲಿ ಅದೇ ಗಟ್ಟಿ. ತಂಗಿಯ ಡ್ರಾಪ್ಸ್ ಬಾಟಲಿಯಿಂದ ಅಣ್ಣನಿಗೆ ಒಂದು ಟೀ ಚಮಚ ಕೊಟ್ಟರೆ 500 ಮಿಲಿಗ್ರಾಂ ಹೋಯಿತು, ಬೇಕಾದ್ದರ ಸುಮಾರು ಮೂರು ಪಾಲು. ಅಡುಗೆಮನೆಯ ಚಮಚ ಬಿಟ್ಟು ಎಂ.ಎಲ್. ಗೆರೆಯಿರುವ ಸಿರಿಂಜಲ್ಲೇ ಅಳೆಯಿರಿ. ಎರಡು ಡೋಸಿನ ನಡುವೆ ಕಡಿಮೆಯೆಂದರೂ 4 ಗಂಟೆ, ಸಾಮಾನ್ಯವಾಗಿ 6 ಗಂಟೆ ಬಿಡಿ. 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ.

ಬಾಟಲಿಯ ಲೇಬಲ್ ಓದಿ. ಪ್ಯಾರಸಿಟಮಾಲಿನ ಜೊತೆ ಐಬುಪ್ರೊಫೆನ್ ಅಥವಾ ಮೆಫೆನಾಮಿಕ್ ಆಸಿಡ್ ಸೇರಿದ ಸಿರಪ್ಪುಗಳೂ ಇವೆ. "ಅದರಲ್ಲಿ ಇಳಿಯಲಿಲ್ಲ, ಇದನ್ನು ಕೊಟ್ಟೆ" ಎನ್ನುವಾಗ ಎಷ್ಟೋ ಸಲ ಅದೇ ಪ್ಯಾರಸಿಟಮಾಲ್ ಎರಡನೇ ಹೆಸರಿನಲ್ಲಿ ಒಳಗೆ ಹೋಗಿರುತ್ತದೆ. ಮಳೆಗಾಲದ ಜ್ವರ ಡೆಂಗಿಯೂ ಆಗಿರಬಹುದು, ಡೆಂಗಿಯಲ್ಲಿ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಎರಡೂ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಆದ್ದರಿಂದ ಬಾಟಲಿಗಳನ್ನೆಲ್ಲ ಒಂದು ತೊಟ್ಟೆಯಲ್ಲಿ ಹಾಕಿ ತನ್ನಿ, ಖಾಲಿಯಾದದ್ದನ್ನೂ. ಬಣ್ಣ ಹೇಳಿ ಮದ್ದು ಗುರುತಿಸುವುದು ಯಾರಿಂದಲೂ ಆಗದು, ಎಲ್ಲವೂ ಕೇಸರಿ ಇಲ್ಲವೇ ಗುಲಾಬಿ.

ಮೂತ್ರದ ಕಂಬ ಯಾಕೆಂದರೆ, ಮಗುವಿನ ಮೈಯಲ್ಲಿ ನೀರು ಕಡಿಮೆಯಾಗುವುದನ್ನು ಮೊದಲು ಹೇಳುವುದು ಅದೇ. ಕಡೆಯ ಸಲ ಯಾವಾಗ ಹೋದದ್ದು ಎಂದು ಗೊತ್ತಿರಲಿ. ಡೈಪರ್ ಹಾಕಿದ್ದರೆ ಎಷ್ಟು ಡೈಪರ್, ಎಷ್ಟು ಭಾರ ಎಂದು ಲೆಕ್ಕ ಇಡಿ.

ಉಸಿರು ಎಣಿಸಲೂ ಕಲಿತುಕೊಳ್ಳಿ. ಮಗು ಮಲಗಿದ್ದಾಗ ಅಂಗಿ ಮೇಲಕ್ಕೆತ್ತಿ, ಹೊಟ್ಟೆ ಒಂದು ಸಲ ಏರಿ ಇಳಿದರೆ ಒಂದು. ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಮಕ್ಕಳಲ್ಲಿ ತಪ್ಪುತ್ತದೆ, ಯಾಕೆಂದರೆ ಅವರ ಉಸಿರು ಒಂದೇ ಓಟದಲ್ಲಿ ಇರುವುದಿಲ್ಲ. ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರಿಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಹೊರಡುವ ಹೊತ್ತಿಗೇ ಮೊಬೈಲಿನಲ್ಲಿ ಅರ್ಧ ನಿಮಿಷ ವೀಡಿಯೊ ತೆಗೆಯಿರಿ, ಬೆಳಕಿರುವ ಕಡೆ, ಎದೆಯಿಂದ ಹೊಟ್ಟೆಯವರೆಗೆ ಕಾಣುವಂತೆ. ರಾತ್ರಿ ನಾಯಿ ಬೊಗಳಿದ ಹಾಗೆ ಕೆಮ್ಮಿದ ಮಗು ಬೆಳಗ್ಗೆ ಒ.ಪಿ.ಯಲ್ಲಿ ನಗುತ್ತಾ ಕೂತಿರುತ್ತದೆ. ಆಗ ಆ ವೀಡಿಯೊವೇ ಸಾಕ್ಷಿ.

ಒಂದು ಮಾತು. ಮಗು ಏನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ಕಕ್ಕುತ್ತಿದ್ದರೆ, ಅಪಸ್ಮಾರ ಬಂದರೆ, ಎಬ್ಬಿಸಿದರೂ ಸರಿಯಾಗಿ ಕಣ್ಣು ಬಿಡದಿದ್ದರೆ, ಉಸಿರಿಗೆ ಎದೆ ಗುಳಿ ಬೀಳುತ್ತಿದ್ದರೆ, ಮೂರು ತಿಂಗಳೊಳಗಿನ ಶಿಶುವಿಗೆ 100.4 ಡಿಗ್ರಿ ದಾಟಿದರೆ, ಚೀಟಿಯೂ ಬೇಡ, ಕಂಬವೂ ಬೇಡ. ಟೋಕನಿನ ಸಾಲಿನಲ್ಲಿ ಕೂರದೆ ನೇರ ಕ್ಯಾಶುವಾಲ್ಟಿಗೆ (ತುರ್ತು ವಿಭಾಗಕ್ಕೆ). ಆ್ಯಂಬುಲೆನ್ಸಿಗೆ 108.

ಪ್ರಶ್ನೆ: ಮಗಳಿಗೆ ಮೂರೂವರೆ ತಿಂಗಳ ಇಂಜೆಕ್ಷನ್ ಬಾಕಿ ಇದೆ. ಸ್ವಲ್ಪ ಶೀತ ಇದೆ, ಹೋಗಬಹುದೇ? ಹೋಗುವ ಮೊದಲು ಮತ್ತು ಬಂದ ಮೇಲೆ ಏನು ಮಾಡಬೇಕು? — ಕುಂಬಳೆ

ಬರೀ ಶೀತ, ಸಣ್ಣ ಕೆಮ್ಮು ಇದ್ದರೆ ಹೋಗಬಹುದು. ಜೋರು ಜ್ವರ ಇದ್ದರೆ ಮಾತ್ರ ಮುಂದಕ್ಕೆ ಹಾಕುತ್ತಾರೆ. ಒಂದೆರಡು ವಾರ ತಡವಾದರೆ ಮೊದಲಿಂದ ಶುರು ಮಾಡಬೇಕಾಗಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಹಾಗಾಗಿ "ತಡವಾಯಿತು, ಬೈಯುತ್ತಾರೆ" ಎಂದು ಮನೆಯಲ್ಲಿ ಕೂರಬೇಡಿ.

14 ವಾರದ ಸರಕಾರಿ ಪಟ್ಟಿಯಲ್ಲಿ ಬಾಯಿಗೆ ಎರಡು, ಸೂಜಿ ಮೂರು: ಪೋಲಿಯೊ ಹನಿ ಮತ್ತು ರೋಟಾವೈರಸ್ ಲಸಿಕೆ ಬಾಯಿಗೆ; ಐದು ರೋಗ ತಡೆಯುವ ಪೆಂಟಾವೇಲೆಂಟ್ ಎಡ ತೊಡೆಗೆ, ನ್ಯುಮೋನಿಯ ತಡೆಯುವ ನ್ಯುಮೋಕಾಕಲ್ ಬಲ ತೊಡೆಗೆ, ಪೋಲಿಯೊ ಇಂಜೆಕ್ಷನ್ ಬಲ ತೋಳಿನ ಚರ್ಮಕ್ಕೆ. ಎರಡು ತೊಡೆ, ಒಂದು ತೋಳು ಸುಲಭವಾಗಿ ಬಿಚ್ಚುವ ಬಟ್ಟೆ ಹಾಕಿ: ಎದುರು ಗುಂಡಿಯ ತೋಳಿಲ್ಲದ ಅಂಗಿ, ಕೆಳಗೆ ನ್ಯಾಪಿ. ತೊಡೆಗೆ ಎಣ್ಣೆ ಹಚ್ಚಿ ಮೀಯಿಸಿ ಕರೆದುಕೊಂಡು ಬರಬೇಡಿ, ಹಿಡಿಯಲು ಜಾರುತ್ತದೆ. ಹೊಟ್ಟೆ ತುಂಬಾ ಹಾಲು ಕುಡಿಸಿದ ಕೂಡಲೇ ಬಾಯಿಯ ಹನಿ ಹಾಕಿದರೆ ಕಕ್ಕುವ ಸಾಧ್ಯತೆ ಇರುವುದರಿಂದ ಅರ್ಧ ಗಂಟೆ ಮುಂಚೆ ಕುಡಿಸಿ. ಬಾಯಿಯದ್ದು ಮುಗಿದು ಸೂಜಿ ಹಾಕುವ ಹೊತ್ತಿಗೆ ಮೊಲೆಗೆ ಹಚ್ಚಿಕೊಂಡರೆ ನೋವು ಕಡಿಮೆ. ಮೇಜಿನ ಮೇಲೆ ಅಂಗಾತ ಮಲಗಿಸುವುದಕ್ಕಿಂತ ಮಡಿಲು ಒಳ್ಳೆಯದು.

ಕೇರಳದ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಬುಧವಾರ ಲಸಿಕೆಯ ದಿನ. ಬೇಗ ಬನ್ನಿ ಎಂದು ಆಶಾ ಕಾರ್ಯಕರ್ತೆ ಹೇಳುವುದು ಸುಮ್ಮನೆಯಲ್ಲ: ಒಂಬತ್ತು ತಿಂಗಳಿನ ಎಂ.ಆರ್. (ದಡಾರ–ರುಬೆಲ್ಲಾ) ಮುಂತಾದ ಲಸಿಕೆಯ ಸೀಸೆಗೆ ನೀರು ಬೆರೆಸಿದ ಮೇಲೆ 4 ಗಂಟೆಯೊಳಗೆ ಉಪಯೋಗಿಸಬೇಕು, ಉಳಿದದ್ದನ್ನು ಎಸೆಯಲೇಬೇಕು. ಕಾರ್ಡ್ ಮರೆಯದಿರಿ. ಹಿಂದಿನ ಡೋಸಿನ ಬಳಿಕ ಮೂರು ಗಂಟೆಗಿಂತ ಹೆಚ್ಚು ಎಡೆಬಿಡದೆ ಅತ್ತಿದ್ದರೆ, ಅಪಸ್ಮಾರ ಬಂದಿದ್ದರೆ, ಮೈಯೆಲ್ಲ ತುರಿಕೆ ಎದ್ದಿದ್ದರೆ ಸೂಜಿ ಹಾಕುವ ಮೊದಲೇ ನರ್ಸಿಗೆ ಹೇಳಿ.

ಆದ ಮೇಲೆ ಅಲ್ಲೇ 30 ನಿಮಿಷ ಕೂತಿರಿ. ಸೂಜಿ ಹಾಕಿದಲ್ಲಿ ತಿಕ್ಕಬೇಡಿ, ಅರಸಿನ–ಎಣ್ಣೆ ಬೇಡ, ಬಿಸಿ ಶಾಖವೂ ಬೇಡ. ಊದಿದರೆ ತಣ್ಣೀರಿನಲ್ಲಿ ಹಿಂಡಿದ ಬಟ್ಟೆ ಇಡಿ. ಒಂದೆರಡು ದಿನ ಜ್ವರ ಸಹಜ, ಪ್ಯಾರಸಿಟಮಾಲ್ ಎಷ್ಟು ಎಂದು ಆವತ್ತಿನ ತೂಕ ನೋಡಿ ಅಲ್ಲೇ ಬರೆಸಿಕೊಳ್ಳಿ. ಹುಟ್ಟಿದಾಗ ಹಾಕಿದ ಬಿ.ಸಿ.ಜಿ. ಎಡ ತೋಳಲ್ಲಿ ಗುಳ್ಳೆಯಾಗಿ ಒಡೆದು ಕಲೆ ಉಳಿದದ್ದು ಕೂಡ ಸಹಜವೇ.

ಪ್ರಶ್ನೆ: ಮೊಮ್ಮಗನಿಗೆ ನಾಲ್ಕು ವರ್ಷ. ಆಸ್ಪತ್ರೆಯ ಗೇಟು ಕಂಡರೆ ಕಿರುಚುತ್ತಾನೆ. ಹಠ ಮಾಡಿದಾಗ "ಡಾಕ್ಟ್ರ ಹತ್ರ ಹೇಳಿ ಸೂಜಿ ಹಾಕಿಸ್ತೇನೆ" ಎಂದು ನಾನೇ ಹೆದರಿಸುತ್ತಿದ್ದೆ, ಒಪ್ಪಿಕೊಳ್ಳುತ್ತೇನೆ. — ಒಬ್ಬ ಅಜ್ಜಿ, ಮಂಜೇಶ್ವರ

ಒಪ್ಪಿಕೊಂಡದ್ದೇ ದೊಡ್ಡದು ಅಜ್ಜಿ. ಅದನ್ನು ಇವತ್ತಿಗೇ ನಿಲ್ಲಿಸಿ, ಮನೆಯ ಉಳಿದವರಿಂದಲೂ ನಿಲ್ಲಿಸಿ.

ನಾಲ್ಕು ವರ್ಷದವನಿಗೆ ಹಿಂದಿನ ದಿನ ಸಂಜೆ ಹೇಳಿದರೆ ಸಾಕು. ವಾರ ಮೊದಲೇ ಹೇಳಿದರೆ ವಾರವಿಡೀ ನಿದ್ದೆ ಕೆಡಿಸಿಕೊಳ್ಳುತ್ತಾನೆ. ಎರಡು ವರ್ಷದ ಮಗುವಿಗಾದರೆ ಹೊರಡುವ ದಿನ ಬೆಳಗ್ಗೆ. ಏನೇನು ನಡೆಯುತ್ತದೆ ಎಂದು ಕ್ರಮವಾಗಿ ಹೇಳಿ: ತೂಕದ ಯಂತ್ರದ ಮೇಲೆ ನಿಲ್ಲುವುದು, ಎದೆಗೆ ತಣ್ಣಗಿನ ಬಿಲ್ಲೆ ಇಡುವುದು, ಟಾರ್ಚು ಹಾಕಿ ಬಾಯಿ ನೋಡುವುದು. ಸೂಜಿ ಇದೆಯೇ ಎಂದು ಕೇಳಿದರೆ, ಇದ್ದರೆ ಇದೆ ಎನ್ನಿ: "ಇರುವೆ ಕಚ್ಚಿದ ಹಾಗೆ ಆಗ್ತದೆ, ಹತ್ತು ಎಣಿಸುವಷ್ಟರಲ್ಲಿ ಮುಗೀತದೆ." ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. "ಸೂಜಿ ಇಲ್ಲವೇ ಇಲ್ಲ" ಎಂದು ಕರೆದುಕೊಂಡು ಹೋಗಿ ಹಾಕಿಸಿದರೆ ಮುಂದಿನ ಸಲ ಅವನು ನಿಮ್ಮನ್ನೇ ನಂಬುವುದಿಲ್ಲ.

ಹಿಡಿಯುವುದನ್ನು ಮಗನಿಗೋ ಸೊಸೆಗೋ ಹೇಳಿಕೊಡಿ. ಎದೆ ನೋಡುವಾಗ ಮಗು ಅಮ್ಮನ ಎದೆಗೆ ಎದೆ ಕೊಟ್ಟು ತಬ್ಬಿಕೊಂಡಿರಲಿ, ಡಾಕ್ಟರು ಬೆನ್ನಿನಿಂದಲೇ ಕೇಳಬಹುದು. ಗಂಟಲು ನೋಡುವಾಗ ತಿರುಗಿಸಿ: ಬೆನ್ನು ಅಮ್ಮನ ಹೊಟ್ಟೆಗೆ, ಕಾಲೆರಡೂ ಅಮ್ಮನ ಮೊಣಕಾಲುಗಳ ನಡುವೆ, ಅಮ್ಮನ ಒಂದು ಕೈ ಅವನ ಎರಡೂ ಕೈಗಳ ಮೇಲೆ ಸುತ್ತಿ, ಇನ್ನೊಂದು ಅಂಗೈ ಹಣೆಯ ಮೇಲೆ. ಗಟ್ಟಿ ಹಿಡಿದರೆ ಐದು ಸೆಕೆಂಡಿನ ಕೆಲಸ. ಪಾಪ ಎಂದು ಸಡಿಲ ಹಿಡಿದರೆ ಮೂರು ಸಲ ಕಡ್ಡಿ ಹಾಕಬೇಕಾಗುತ್ತದೆ, ಓಕರಿಕೆ ಬೇರೆ. ಅಳಿಸುವ ಕೆಲಸ ಕೊನೆಗಿರಲಿ ಎಂದೇ ಡಾಕ್ಟರು ಗಂಟಲು, ಕಿವಿಗಳನ್ನು ಕಡೆಗೆ ಇಟ್ಟುಕೊಳ್ಳುತ್ತಾರೆ. ಕೂತ ಕೂಡಲೇ "ಬಾಯಿ ತೋರಿಸು, ಬಾಯಿ ತೋರಿಸು" ಎಂದು ನೀವೇ ಶುರು ಮಾಡಬೇಡಿ.

ಪ್ರಶ್ನೆ: ಹತ್ತಿರದ ಆಸ್ಪತ್ರೆಗೆ ತೆಂಕಣದಿಂದ ಹೊಸ ಡಾಕ್ಟರು ಬಂದಿದ್ದಾರೆ. ಅವರಿಗೆ ಕನ್ನಡ, ತುಳು ಬಾರದು. ನನಗೆ ಮಲಯಾಳ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ. — ಮುಳ್ಳೇರಿಯ

ಗಡಿನಾಡಿನ ಹಳೆಯ ಕಷ್ಟ. ಪೂರ್ತಿ ವಾಕ್ಯ ಬೇಡ, ಹತ್ತು ಪದ ಸಾಕು. ಕನ್ನಡ ಲಿಪಿಯಲ್ಲೇ ಬರೆದಿಟ್ಟುಕೊಳ್ಳಿ. ಜ್ವರ: ಪನಿ. ಕೆಮ್ಮು: ಚುಮ. ನಮ್ಮ ಕಡೆಯ ಮಲಯಾಳದಲ್ಲಿ ಅದನ್ನು ಕುರ ಎನ್ನುತ್ತಾರೆ, ತೆಂಕಣದವರಿಗೆ ಅದು ನಾಯಿ ಬೊಗಳುವುದು! ವಾಂತಿ: ಛರ್ದಿ. ಭೇದಿ: ವಯರಿಳಕ್ಕಂ. ಹೊಟ್ಟೆನೋವು: ವಯರುವೇದನ. ಉಸಿರುಕಟ್ಟುವುದು: ಶ್ವಾಸಂಮುಟ್ಟಲ್. ತುರಿಕೆ: ಚೊರಿಚ್ಚಿಲ್. ಅಪಸ್ಮಾರಕ್ಕೆ ಅಪಸ್ಮಾರಂ ಎಂದರೇ ಆಯಿತು.

ದಿನಗಳಲ್ಲಿ ಎಡವುವವರು ಹೆಚ್ಚು. ಇನ್ನ್ ಎಂದರೆ ಇವತ್ತು, ಇನ್ನಲೆ ಎಂದರೆ ನಿನ್ನೆ, ಮಿನಿಞ್ಞಾನ್ ಎಂದರೆ ಮೊನ್ನೆ. ಮೊದಲ ಎರಡು ಕಿವಿಗೆ ಒಂದೇ ಹಾಗೆ ಬೀಳುತ್ತವೆ. ಜ್ವರದ ಎಷ್ಟನೇ ದಿನ ಎಂಬುದರ ಮೇಲೆ ಯಾವ ರಕ್ತಪರೀಕ್ಷೆ ಎಂದು ನಿರ್ಧಾರವಾಗುವುದರಿಂದ ತಾರೀಕನ್ನೇ ಅಂಕಿಯಲ್ಲಿ ಬರೆದು ತೋರಿಸಿ. ಹೊರಗೆ ಬರುವ ಮುಂಚೆ ಮೂರು ಪ್ರಶ್ನೆ: "ಎತ್ರ ಎಂ.ಎಲ್.?" (ಎಷ್ಟು ಎಂ.ಎಲ್.), "ಎತ್ರ ನೇರಂ?" (ದಿನಕ್ಕೆ ಎಷ್ಟು ಸಲ), "ಎತ್ರ ದಿವಸಂ?" (ಎಷ್ಟು ದಿನ). ಉತ್ತರ ಬೆರಳಿನಲ್ಲಿ ತೋರಿಸಿದರೂ ತೊಂದರೆಯಿಲ್ಲ. ಚೀಟಿಯಲ್ಲಿ 1-0-1 ಎಂದರೆ ಬೆಳಗ್ಗೆ ಒಂದು, ರಾತ್ರಿ ಒಂದು; ಎಸ್.ಒ.ಎಸ್. ಎಂದರೆ ಬೇಕಾದರೆ ಮಾತ್ರ. ಶಾಲೆಗೆ ಹೋಗುವ ಅಕ್ಕನನ್ನು ದುಭಾಷಿಯಾಗಿ ಕೂರಿಸುವುದು ನಮಗೆ ಸರಿ ಕಾಣುವುದಿಲ್ಲ. ಎಂ.ಎಲ್. ತಪ್ಪಿದರೆ ಅದರ ಹೊರೆ ಆ ಹುಡುಗಿಯ ತಲೆಗೆ. ವಾರ್ಡಿನಲ್ಲಿ ತುಳು ಬರುವ ನರ್ಸ್ ಒಬ್ಬರಾದರೂ ಇರುತ್ತಾರೆ, ಕೇಳಿ. ಮನೆಗೆ ಬಂದ ಮೇಲೆ ಸಂಶಯ ಬಂದರೆ ಕೇರಳ ಸರಕಾರದ ದಿಶಾ ಸಹಾಯವಾಣಿ 1056ಕ್ಕೆ ಯಾವ ಹೊತ್ತಿಗೂ ಫೋನು ಮಾಡಬಹುದು.

ಪ್ರಶ್ನೆ: ಉಬ್ಬಸಕ್ಕೆ ಮಗಳನ್ನು ಮೊದಲ ಸಲ ಮಂಗಳೂರಿಗೆ ತೋರಿಸಲು ಹೊರಟಿದ್ದೇವೆ. ಏನೆಲ್ಲ ಕೊಂಡುಹೋಗಬೇಕು? — ಉಪ್ಪಳ

ಮುಖ್ಯವಾಗಿ ಇನ್‌ಹೇಲರ್ ಮತ್ತು ಸ್ಪೇಸರ್ (ಅದಕ್ಕೆ ಸಿಕ್ಕಿಸುವ ಕೊಳವೆ), ಎರಡನ್ನೂ. ಡಾಕ್ಟರ ಎದುರೇ ಒಂದು ಸಲ ತೆಗೆದುಕೊಳ್ಳಲು ಹೇಳಿ. ಮದ್ದು ಹಿಡಿಯಲಿಲ್ಲ ಎಂದು ಬರುವವರಲ್ಲಿ ಅನೇಕರಿಗೆ ಮದ್ದು ಒಳಗೆ ಹೋಗಿರುವುದೇ ಇಲ್ಲ: ಅಲ್ಲಾಡಿಸಿರುವುದಿಲ್ಲ, ಮಾಸ್ಕಿನ ಅಂಚು ಕೆನ್ನೆಗೆ ಕೂತಿರುವುದಿಲ್ಲ, ಎರಡು ಪಫ್ ಒಟ್ಟಿಗೆ ಒತ್ತಿರುತ್ತಾರೆ. ಒಂದು ಪಫ್, ಐದಾರು ಉಸಿರು, ಮತ್ತೆ ಅಲ್ಲಾಡಿಸಿ ಇನ್ನೊಂದು. ಸ್ಪೇಸರನ್ನು ಸೋಪಿನ ನೀರಿನಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರಸಿದರೆ ಒಳಗೋಡೆಗೆ ವಿದ್ಯುದಂಶ ಹತ್ತಿ ಮದ್ದು ಅಲ್ಲೇ ಅಂಟಿಕೊಳ್ಳುತ್ತದೆ. ತೋರಿಸುವ ದಿನವೆಂದು ಬೆಳಗ್ಗಿನ ಮದ್ದು ತಪ್ಪಿಸಬೇಡಿ.

ಕಡತವನ್ನು ಹೊಸದು ಮೇಲೆ, ಹಳೆಯದು ಕೆಳಗೆ ಬರುವಂತೆ ಜೋಡಿಸಿ. ಎಕ್ಸ್‌ರೇಯ ಫಿಲ್ಮೇ ಬೇಕು, ಟ್ಯೂಬ್‌ಲೈಟಿಗೆ ಹಿಡಿದು ತೆಗೆದ ಫೋಟೊ ಅಲ್ಲ. ಹುಟ್ಟಿದಾಗಿನ ತೂಕ, ತಿಂಗಳು ತುಂಬಿತ್ತೇ, ಹುಟ್ಟಿದ ಕೂಡಲೇ ಅತ್ತಿತ್ತೇ, ಮನೆಯಲ್ಲಿ ಯಾರಿಗೆ ಉಬ್ಬಸ, ಯಾರು ಬೀಡಿ ಸೇದುತ್ತಾರೆ, ಮಗು ಮಲಗುವ ಕೋಣೆಗೆ ಒಲೆಯ ಹೊಗೆ ಬರುತ್ತದೆಯೇ, ಇವು ಬರೆದಿರಲಿ. ವಿಮೆಯ ಕಾರ್ಡಿದ್ದರೆ ಗಡಿಯ ತಲಪಾಡಿ ದಾಟುವ ಮೊದಲೇ ಆ ಆಸ್ಪತ್ರೆಗೆ ಫೋನು ಮಾಡಿ ಅಲ್ಲಿ ನಡೆಯುತ್ತದೆಯೇ ಎಂದು ಕೇಳಿ. ಎಲ್ಲ ಕಾಗದದ ಒಂದು ನಕಲು ಮನೆಯಲ್ಲಿರಲಿ. 2020ರಲ್ಲಿ ಗಡಿ ಮುಚ್ಚಿದಾಗ ಕಡತವೆಲ್ಲ ಆಚೆ, ಮಗು ಈಚೆ ಆಗಿತ್ತು ಹಲವರಿಗೆ.

ಪ್ರಶ್ನೆ: ವಾಂತಿ–ಭೇದಿ ಇರುವ ಮಗುವನ್ನು ಬಸ್ಸಿನಲ್ಲಿ ಕರೆದೊಯ್ಯುವಾಗ ಏನು ಕೊಡಬೇಕು? — ಪೆರ್ಲ

ಒ.ಆರ್.ಎಸ್. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಅರ್ಧ ಪುಡಿಯನ್ನು ಅಂದಾಜಿಗೆ ಒಂದು ಗ್ಲಾಸಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ಅಪಾಯ. ಕದಡಿದ್ದು 24 ಗಂಟೆಗೆ ಮಾತ್ರ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಆಮೇಲೆ ಒಂದೆರಡು ನಿಮಿಷಕ್ಕೊಮ್ಮೆ ಒಂದು ಚಮಚ. ಲೋಟ ಬಾಯಿಗಿಟ್ಟರೆ ಬಾಯಾರಿದ ಮಗು ಗಟಗಟ ಕುಡಿದು ಪೂರ್ತಿ ಕಕ್ಕುತ್ತದೆ. ಎದೆಹಾಲು, ಗಂಜಿತಿಳಿ ನಿಲ್ಲಿಸಬೇಡಿ. ಒ.ಆರ್.ಎಸ್. ಹೆಸರಿನ ಸಿಹಿ ಪಾನೀಯದ ಡಬ್ಬಿಗಳಿಗೆ ಆ ಹೆಸರು ಬಳಸಬಾರದೆಂದು 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್.ಎಸ್.ಎಸ್.ಎ.ಐ. ಹೇಳಿದೆ, ಭೇದಿಗೆ ಅವು ಆಗದು, ಸಕ್ಕರೆ ಹೆಚ್ಚಾಗಿ ಭೇದಿ ಜಾಸ್ತಿಯಾಗುತ್ತದೆ.

ಪ್ರಶ್ನೆ: ಮಗುವಿನ ಮೂತ್ರ ಪರೀಕ್ಷೆಗೆ ಮನೆಯಿಂದಲೇ ತರಬಹುದೇ? — ನೀರ್ಚಾಲು

ತರಬಹುದು, ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲಿ. ತೊಳೆದ ಉಪ್ಪಿನಕಾಯಿ ಬಾಟಲಿಯಲ್ಲಿ ಬಂದದ್ದೂ ಉಂಟು! ನೀರಿನಲ್ಲಿ ತೊಳೆದು, ಮೊದಲಿನ ಸ್ವಲ್ಪ ಬಿಟ್ಟು ನಡುವಿನದ್ದನ್ನು ಹಿಡಿಯಿರಿ. ಮುಚ್ಚಳದ ಒಳಗೆ ಬೆರಳು ತಾಗಬಾರದು. ಒಂದು ಗಂಟೆಯೊಳಗೆ ತಲುಪಿಸಿ. ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಮೂತ್ರ ಕೊಡಬೇಕು, ಒಂದು ಡೋಸ್ ಹೋದರೂ ಕಲ್ಚರಿನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಏನೂ ಬೆಳೆಯದೆ ಹೋಗಬಹುದು.

ಪ್ರಶ್ನೆ: ಹಿಂದಿನ ಸಲ ಉಳಿದ ಆಂಟಿಬಯಾಟಿಕ್ ಬಾಟಲಿ ಫ್ರಿಜ್ಜಿನಲ್ಲಿದೆ. ಅದೇ ಕೆಮ್ಮು. ಅದನ್ನೇ ಕೊಟ್ಟು ನೋಡಬಹುದೇ? ಮನೆಯಲ್ಲಿ ಬಜೆ ತೇದು ನೆಕ್ಕಿಸುವುದನ್ನು ಡಾಕ್ಟರಿಗೆ ಹೇಳಬೇಕೇ? — ಅಡೂರು

ಕೊಡಬೇಡಿ. ಪುಡಿಗೆ ನೀರು ಬೆರೆಸಿದ ಸಿರಪ್ಪುಗಳಲ್ಲಿ ಹೆಚ್ಚಿನವು ಒಂದು ವಾರಕ್ಕೆ ಮಾತ್ರ, ಆಮೇಲೆ ಫ್ರಿಜ್ಜಿನಲ್ಲಿದ್ದರೂ ಬಲ ಇಳಿಯುತ್ತದೆ. ಹೊಸದನ್ನು ಬೆರೆಸುವಾಗ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಅಲ್ಲಾಡಿಸಿ. ನೊರೆ ಇಳಿದ ಮೇಲೆ ಮಟ್ಟ ಗೆರೆಗಿಂತ ಕೆಳಗಿರುತ್ತದೆ, ಮತ್ತೆ ಗೆರೆಯವರೆಗೆ ತುಂಬಿಸಿ. ಈ ಎರಡನೇ ಸಲದ ನೀರು ಮರೆತರೆ ಪ್ರತಿ ಡೋಸೂ ಗಟ್ಟಿಯಾಗುತ್ತದೆ. ಕೆಮ್ಮಿನ ಸಿರಪ್ಪನ್ನೂ ನೀವಾಗಿ ಕೊಡಬೇಡಿ. ಎರಡು ವರ್ಷದೊಳಗಿನವರಿಗೆ ಅದು ಬೇಡವೆಂದು ಕೇಂದ್ರ ಆರೋಗ್ಯ ಇಲಾಖೆಯೇ 2025ರಲ್ಲಿ ಹೇಳಿದೆ.

ಬಜೆಯ ವಿಷಯ ಖಂಡಿತ ಹೇಳಿ. ಸಾಂಬ್ರಾಣಿ ಎಲೆಯ ರಸ, ಜೇನು, ಮೂಗಿಗೆ ಬಿಟ್ಟ ಎಣ್ಣೆ, ಕಣ್ಣಿನ ಕಾಡಿಗೆ ಎಲ್ಲವನ್ನೂ ಹೇಳಿ. ಬೈಸಿಕೊಳ್ಳುವ ಹೆದರಿಕೆಯಿಂದ ಅಮ್ಮಂದಿರು ಮುಚ್ಚಿಡುವುದು, ಆ ಹೆದರಿಕೆ ಹುಟ್ಟಿಸುವವರು ನಾವೇ. ಒಂದು ವರ್ಷದೊಳಗೆ ಜೇನು ಬೇಡ, ಬೊಟುಲಿಸಂ ಎಂಬ ವಿಷದ ಅಪಾಯವಿದೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗಬಹುದು, ಎಕ್ಸ್‌ರೇ ನೋಡುವವರಿಗೆ ಅದು ತಿಳಿದಿರಬೇಕು. ಬಜೆ ಹೆಚ್ಚಾದರೆ ವಾಂತಿಯಾಗುತ್ತದೆ; ಕೆಮ್ಮಿನ ಮಗು ಕಕ್ಕುತ್ತಿದೆ ಎಂದು ನೀವು ಬಂದಾಗ ನಾವು ಮೊದಲು ಕೇಳುವುದು, ಇವತ್ತು ತೇದದ್ದು ಎಷ್ಟು ಸುತ್ತು ಎಂದು.